ಕ್ಯಾಷಿಯರ್ ಗೆಳೆಯನ ಮೈಸೂರು

ಮೈಸೂರಿಗೆ ಹೋಗಿಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಅರಮನೆ, ಬೆಟ್ಟ, ಮೃಗಾಲಯ, ಬೃಂದಾವನ ಎಂದು ಒಂದೇ ಉಸಿರಿಗೆ ನಾಲ್ಕು ಹೆಸರು ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದವನು. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮದುವೆಯಾದ ಹೊಸತರಲ್ಲಿ ಒಮ್ಮೆ, ಮಕ್ಕಳ ಜೊತೆ ದಸರಾಕ್ಕೆ ಎರಡು ಸಲ, ಬ್ಯಾಂಕಿನ ತರಬೇತಿಗೆಂದು ಮೂರು ಸಲ, ಹೀಗೆ ಒಟ್ಟು ಏಳು ಬಾರಿ ಆ ಊರಿಗೆ ಹೋಗಿದ್ದೇನೆ. ಎಂಟನೆಯದು ಕಳೆದ ಜನವರಿಯಲ್ಲಿ, ಒಂದು ಶನಿವಾರ ಮತ್ತು ಭಾನುವಾರ. ಈ ಸಲ ಊರು ತೋರಿಸಿದವನು ನನ್ನ ಅತ್ಯಂತ ಹಳೆಯ ಗೆಳೆಯ. ಅವನಿಗೆ ಈಗ ಎದುರಿಗಿರುವ ಸ್ವಲ್ಪ ಜಾಗ ಬಿಟ್ಟರೆ ಮಿಕ್ಕದ್ದು ಕಾಣಿಸುವುದಿಲ್ಲ.

ಮೊದಲು ಗೆಳೆಯನ ಪರಿಚಯ ಮಾಡಿಕೊಡಬೇಕು. ಬಿ.ಕಾಂ. ಮುಗಿಸಿ ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ ದಿನ ನನಗೆ ಕುರ್ಚಿ ತೋರಿಸಿದವನು ಅವನೇ. ನನಗಿಂತ ಆರು ತಿಂಗಳು ಹಿರಿಯ ನೌಕರ. ಮಲೆನಾಡಿನ ಒಂದೇ ಶಾಖೆಯಲ್ಲಿ ಹನ್ನೊಂದು ವರ್ಷ ಅಕ್ಕಪಕ್ಕ ಕುಳಿತೆವು. ನಾನು ಲೆಡ್ಜರ್, ಅವನು ಕ್ಯಾಷ್. ಕಬ್ಬಿಣದ ಜಾಲರಿಯ ಹಿಂದೆ ಕುಳಿತು ಅವನು ನೋಟು ಎಣಿಸುತ್ತಿದ್ದರೆ ಸಾಲಿನಲ್ಲಿ ನಿಂತವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನೂರು ನೋಟಿನ ಕಟ್ಟು ಅವನ ಬೆರಳಲ್ಲಿ ಇಸ್ಪೀಟಿನ ಎಲೆಯ ಹಾಗೆ ಹಾರುತ್ತಿತ್ತು. ಅಂದಿನಿಂದ ಇಂದಿನವರೆಗೂ ನಾನು ಅವನನ್ನು ಕರೆಯುವುದು ‘ಕ್ಯಾಷಿಯರ್’ ಎಂದೇ. ಅವನು ನನ್ನನ್ನು ‘ಲೆಡ್ಜರ್’ ಎನ್ನುತ್ತಾನೆ.

ನಿವೃತ್ತಿಯಾದ ಮೇಲೆ ಅವನು ಹುಟ್ಟೂರಾದ ಮೈಸೂರಿಗೆ ಹೋದ, ನಾನು ಶಿವಮೊಗ್ಗದಲ್ಲಿ ಉಳಿದೆ. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡರು. ಒಬ್ಬನೇ ಮಗ ಪುಣೆಯಲ್ಲಿದ್ದಾನೆ. ಹೊಸ ವರ್ಷದ ವಾರ ಆ ಮಗ ನನಗೆ ಫೋನು ಮಾಡಿದ. “ಅಂಕಲ್, ಅಪ್ಪನ ಕಣ್ಣು ದಿನೇ ದಿನೇ ಕಮ್ಮಿ ಆಗ್ತಿದೆ. ಮೊನ್ನೆ ವಿಡಿಯೋ ಕಾಲಲ್ಲಿ ನೋಡಿದ್ರೆ ಕೈಯಲ್ಲಿ ಸುಟ್ಟ ಗಾಯ. ಒಲೆ ಮುಟ್ಟಿದಾರೆ, ನಮಗೆ ಹೇಳೇ ಇಲ್ಲ. ಪುಣೆಗೆ ಬನ್ನಿ ಅಂದ್ರೆ ಮಾತು ಬದಲಾಯಿಸ್ತಾರೆ. ನೀವು ಹೇಳಿದ್ರೆ ಕೇಳ್ತಾರೆ. ಒಂದು ಸಲ ಹೋಗಿ ಒಪ್ಪಿಸಿ” ಎಂದ. ಅವನ ದನಿಯಲ್ಲಿ ಬೇಸರಕ್ಕಿಂತ ಹೆದರಿಕೆ ಹೆಚ್ಚಾಗಿತ್ತು. ಹೋಗುತ್ತೇನೆ ಎಂದೆ. ಆರನೇ ತರಗತಿಯ ಮೊಮ್ಮಗ ನಾನೂ ಬರುತ್ತೇನೆ ಎಂದು ಹಟ ಹಿಡಿದ. ಸೋಮವಾರಕ್ಕೆ ಒಂದು ರಜಾ ಚೀಟಿ ಬರೆದು ಅವನನ್ನೂ ಹೊರಡಿಸಿದೆ.

ಶಿವಮೊಗ್ಗದಿಂದ ಮೈಸೂರಿಗೆ ರೈಲಿನ ಹಾದಿಯೇ ಒಂದು ಭೂಗೋಳದ ಪಾಠ. ಭದ್ರಾವತಿ, ತರೀಕೆರೆಯವರೆಗೆ ಅಡಿಕೆ ತೋಟ. ಬೀರೂರು, ಕಡೂರಿಗೆ ಬಂದರೆ ಬಯಲು ಶುರು. ಅರಸೀಕೆರೆಯಲ್ಲಿ ಕಣ್ಣು ಹಾಯಿಸಿದಷ್ಟೂ ತೆಂಗು. ಹಾಸನ ದಾಟಿದ ಮೇಲೆ ಹೊಳೆನರಸೀಪುರದ ಬಳಿ ಹೇಮಾವತಿ, ಕೃಷ್ಣರಾಜನಗರ ದಾಟಿದ ಮೇಲೆ ಕಾವೇರಿ. ಮೊಮ್ಮಗ ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ನಿಲ್ದಾಣಗಳ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡ. ಮಧ್ಯಾಹ್ನದ ಊಟದ ಹೊತ್ತಿಗೆ ನಾವು ಗೆಳೆಯನ ಮನೆಯ ಬಾಗಿಲಲ್ಲಿದ್ದೆವು.

ಸುತ್ತಿದ ಪತ್ರಿಕೆಯ ತೂತು

ಅಗ್ರಹಾರದ ಕಡೆಯ ಹಳೇ ಹೆಂಚಿನ ಮನೆ. ಬಾಗಿಲು ತೆರೆದ ಗೆಳೆಯ ನನ್ನ ಮುಖವನ್ನು ನೇರವಾಗಿ ನೋಡಿ ನಕ್ಕ. “ಏನಯ್ಯಾ ಲೆಡ್ಜರ್, ಇಷ್ಟು ಸಣ್ಣ ಆಗಿದೀಯಾ?” ಎಂದ. ಕಣ್ಣು ಸರಿಯಾಗಿಯೇ ಇದೆಯಲ್ಲ ಎಂದುಕೊಂಡೆ. ಆದರೆ ಪಕ್ಕದಲ್ಲೇ ನಿಂತಿದ್ದ ಮೊಮ್ಮಗ ಅವನಿಗೆ ಕಂಡಿರಲೇ ಇಲ್ಲ. ಹುಡುಗ “ನಮಸ್ಕಾರ ತಾತ” ಎಂದಾಗ ಬೆಚ್ಚಿ ತಿರುಗಿದ.

ಅವನಿಗಿರುವುದು ಗ್ಲಾಕೋಮಾ. ಕಣ್ಣಿನೊಳಗೆ ದ್ರವದ ಒತ್ತಡ ಹೆಚ್ಚಾಗಿ ಕಣ್ಣಿನಿಂದ ಮಿದುಳಿಗೆ ಹೋಗುವ ನರ ನಿಧಾನವಾಗಿ ಹಾಳಾಗುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಹೋಗುವುದು ಅಂಚಿನ ನೋಟ. ನಡುವಿನದು ಕೊನೆಯವರೆಗೂ ಉಳಿಯುವುದರಿಂದ, ಪತ್ರಿಕೆ ಓದುವವರಿಗೆ ಏನೋ ಆಗಿದೆ ಎಂಬ ಅನುಮಾನವೇ ಬರುವುದಿಲ್ಲ. ಹೋದ ನೋಟ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ಡಾಕ್ಟರು ಹೇಳಿದ ಹನಿಗಳನ್ನು ದಿನಾ ತಪ್ಪದೆ ಹಾಕಿಕೊಳ್ಳಬೇಕು.

ಮೊಮ್ಮಗನಿಗೆ ಇದು ಅರ್ಥವಾಗಲಿಲ್ಲ. ಗೆಳೆಯ ಅಂದಿನ ದಿನಪತ್ರಿಕೆಯನ್ನು ಕೊಳವೆಯ ಹಾಗೆ ಸುತ್ತಿ ಕೊಟ್ಟ. “ಒಂದು ಕಣ್ಣು ಮುಚ್ಚು. ಇನ್ನೊಂದಕ್ಕೆ ಇದನ್ನ ಇಟ್ಕೊಂಡು ಅಡುಗೆ ಮನೆಗೆ ಹೋಗಿ ನೀರು ತಗೊಂಡು ಬಾ” ಎಂದ. ಹುಡುಗ ಹೋಗುವಾಗ ಮೇಜಿಗೆ ತೊಡೆ ತಗುಲಿಸಿಕೊಂಡ, ಹೊಸ್ತಿಲು ಎಡವಿದ, ಲೋಟ ಕಂಡರೂ ಅದರ ಪಕ್ಕದ ಚಮಚ ಕಾಣದೆ ಬೀಳಿಸಿದ. ವಾಪಸು ಬಂದವನು ಕೊಳವೆಯನ್ನು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಓದುವ ಮಕ್ಕಳೂ ಒಮ್ಮೆ ಮಾಡಿ ನೋಡಬಹುದು. ದೊಡ್ಡವರು ಯಾರಾದರೂ ಹತ್ತಿರ ಇರಲಿ.

ಮೂಗು ಹಿಡಿದು ನಡೆಸಿದ ಮಾರುಕಟ್ಟೆ

ಸಂಜೆ ನಾಲ್ಕಕ್ಕೆ ಗೆಳೆಯ ಮಡಿಸುವ ಬಿಳಿ ಕೋಲು ಬಿಚ್ಚಿಕೊಂಡು “ಬನ್ನಿ, ದೇವರಾಜ ಮಾರ್ಕೆಟ್ಟಿಗೆ” ಎಂದ. ನಾನು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡ. “ನೀನು ನನ್ನ ಹಿಡೀಬೇಡ. ನಾನು ನಿನ್ನ ಮೊಣಕೈ ಮೇಲೆ ಹಿಡ್ಕೋತೀನಿ. ನೀನು ಅರ್ಧ ಹೆಜ್ಜೆ ಮುಂದೆ ನಡಿ. ಮೆಟ್ಟಿಲು ಬಂದ್ರೆ ಹತ್ತೋದೋ ಇಳಿಯೋದೋ ಅಷ್ಟು ಹೇಳು ಸಾಕು.” ಕಣ್ಣು ಕಾಣದವರನ್ನು ಕರೆದೊಯ್ಯುವ ಸರಿಯಾದ ಕ್ರಮ ಅದೇ. ನಾವು ಒಳ್ಳೆಯ ಮನಸ್ಸಿನಿಂದಲೇ ಅವರ ಕೋಲು ಹಿಡಿದು ಎಳೆಯುತ್ತೇವೆ. ಅವರಿಗೆ ಅದು ತಳ್ಳಿದ ಹಾಗಾಗುತ್ತದೆ.

ದಾರಿಯುದ್ದಕ್ಕೂ ಅವನ ವಿವರಣೆ ನಡೆದೇ ಇತ್ತು. ಚಿಕ್ಕ ಗಡಿಯಾರದ ಬಳಿ ನಿಂತು, 1886ರಲ್ಲಿ ವೈಸ್‌ರಾಯ್ ಡಫರಿನ್ ಮೈಸೂರಿಗೆ ಬಂದದ್ದರ ನೆನಪಿಗೆ ಕಟ್ಟಿದ್ದು ಎಂದ. ಅಲ್ಲಿಂದ ಸ್ವಲ್ಪ ದೂರದ ದೊಡ್ಡ ಗಡಿಯಾರ 1927ರದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ ಅರಮನೆಯ ನೌಕರರೇ ಸೇರಿ ಕಟ್ಟಿಸಿದ 75 ಅಡಿಯ ಗೋಪುರ. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಮೊಮ್ಮಗ ಕತ್ತೆತ್ತಿ ಗಂಟೆ ಓದಿ ಹೇಳಿದ. ಶಾಲೆಯಲ್ಲಿ ಕನ್ನಡ ಅಂಕಿ ಕಲಿತದ್ದು ಮೊದಲ ಸಲ ಕೆಲಸಕ್ಕೆ ಬಂತು ಎಂದು ಅವನೇ ಒಪ್ಪಿಕೊಂಡ.

ಮಾರುಕಟ್ಟೆಯ ಒಳಗೆ ಕಾಲಿಟ್ಟ ಮೇಲೆ ಗೆಳೆಯ ನನ್ನ ಮೊಣಕೈ ಬಿಟ್ಟ. ಅಲ್ಲಿ ಅವನಿಗೆ ದಾರಿ ತೋರಿಸುವುದು ಮೂಗು. “ಇಲ್ಲಿ ಬಾಳೆಹಣ್ಣು. ಮುಂದೆ ವೀಳ್ಯದೆಲೆ. ಎಡಕ್ಕೆ ತಿರುಗಿದ್ರೆ ಮಲ್ಲಿಗೆ, ಅದರಾಚೆ ಅರಿಶಿನ ಕುಂಕುಮ, ಮೂಲೆಯಲ್ಲಿ ಗಂಧದೆಣ್ಣೆ” ಎನ್ನುತ್ತಾ ನಡೆದ. ಒಂದೂ ತಪ್ಪಲಿಲ್ಲ. ಕುಂಕುಮ, ಅರಿಶಿನ, ನೀಲಿ, ಹಸಿರು ಬಣ್ಣದ ಪುಡಿಗಳನ್ನು ಗೋಪುರದಂತೆ ಒಟ್ಟಿದ್ದನ್ನು ಕಂಡು ಮೊಮ್ಮಗ ಅಲ್ಲೇ ನಿಂತುಬಿಟ್ಟ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಂದರೆ ಬೇರೆ ಊರಲ್ಲಿ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ.

ಹೂವಿನ ಅಂಗಡಿಯ ಹೆಂಗಸು ಗೆಳೆಯನನ್ನು ಕಂಡು, “ಸ್ವಾಮಿ, ಎರಡು ದಿನ ಬರಲಿಲ್ವಲ್ಲ, ಹುಷಾರಾಗಿದ್ದೀರಾ?” ಎಂದರು. ಹಣ್ಣಿನವನು ಅವನ ಕೈಗೆ ಹಣ್ಣು ಕೊಟ್ಟು ತಾನೇ ಚೀಲಕ್ಕೆ ಹಾಕಿದ. ಒಂದು ಕಡೆ ಕೆಳಗೆ ಪೆಟ್ಟಿಗೆ ಇಟ್ಟಿದ್ದನ್ನು ಕಾಣದೆ ಇವನು ಮುಂದೆ ಹೋಗುವಾಗ ಹುಡುಗನೊಬ್ಬ ಏನೂ ಹೇಳದೆ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿದ. ಇದನ್ನೆಲ್ಲ ನಾನು ಗಮನಿಸುತ್ತಿದ್ದೆ. ಅವನ ಮಗನಿಗೆ ವರದಿ ಕೊಡಬೇಕಾದವನು ನಾನು.

ಈ ಮಾರುಕಟ್ಟೆಗೆ ನೂರಕ್ಕೂ ಹೆಚ್ಚು ವರ್ಷ. 2016ರ ಆಗಸ್ಟಿನಲ್ಲಿ ಇದರ ಒಂದು ಭಾಗ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕು ಎಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕು ಎಂದು ಕೆಲವರು. ವಾದ ನ್ಯಾಯಾಲಯದವರೆಗೂ ಹೋಯಿತು. ಗೆಳೆಯ ಕಲ್ಲಿನ ಕಂಬವೊಂದನ್ನು ಸವರಿ, “ನನ್ನ ಕೇಸೂ ಇದೇ ನೋಡು” ಎಂದು ನಕ್ಕ. ನಾನು ಬಂದ ಕಾರಣ ಅವನಿಗೆ ಆಗಲೇ ಗೊತ್ತಾಗಿತ್ತು.

ಕತ್ತಲೆಯಲ್ಲಿ ನೋಟು ಎಣಿಸುವ ಪಾಠ

ಕತ್ತಲಾದ ಮೇಲೆ ಗೆಳೆಯ ಬೇರೆಯೇ ಮನುಷ್ಯ. ಮಸುಕು ಬೆಳಕಿನಲ್ಲಿ ಅವನಿಗೆ ಬಹುತೇಕ ಏನೂ ಕಾಣುವುದಿಲ್ಲ. ಮಾರುಕಟ್ಟೆಯಲ್ಲಿ ರಾಜನ ಹಾಗೆ ನಡೆದವನು ಮನೆಯ ಮೆಟ್ಟಿಲನ್ನು ಕಾಲಿನಿಂದ ತಡಕಿ ತಡಕಿ ಹತ್ತಿದ. ನನಗೆ ಮನಸ್ಸು ಭಾರವಾಯಿತು.

ಊಟವಾದ ಮೇಲೆ ಅವನು ಮೊಮ್ಮಗನನ್ನು ಕೂರಿಸಿಕೊಂಡು ಪರ್ಸು ತೆಗೆದ. “ಕಣ್ಣು ಮುಚ್ಚಿಕೊಂಡು ನೋಟು ಗುರುತಿಸೋದು ಹೇಳಿಕೊಡ್ತೀನಿ.” ನಾನು ಬ್ಯಾಂಕಿನಲ್ಲಿ ಅಷ್ಟು ವರ್ಷ ಕಳೆದವನು, ಆದರೂ ಕುರ್ಚಿ ಹತ್ತಿರ ಎಳೆದುಕೊಂಡೆ.

ಈಗಿನ ಹೊಸ ಸರಣಿಯ ನೋಟುಗಳ ಎರಡೂ ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳಿವೆ. ನೂರರ ನೋಟಿಗೆ ನಾಲ್ಕು ಗೆರೆ. ಇನ್ನೂರಕ್ಕೆ ನಾಲ್ಕು ಗೆರೆ, ನಡುವೆ ಎರಡು ಪುಟ್ಟ ವೃತ್ತ. ಐನೂರಕ್ಕೆ ಐದು ಗೆರೆ. ಜೊತೆಗೆ ನೂರರ ಮೇಲೆ ಉಬ್ಬಿದ ತ್ರಿಕೋನ, ಐನೂರರ ಮೇಲೆ ಉಬ್ಬಿದ ವೃತ್ತ. ಇನ್ನೊಂದು ಉಪಾಯ ಉದ್ದ. 10 ರೂಪಾಯಿಯದು 123 ಮಿಲಿಮೀಟರ್, 20ರದು 129, 50ರದು 135, 100ರದು 142, 200ರದು 146, 500ರದು 150. ಬೆಲೆ ಹೆಚ್ಚಾದ ಹಾಗೆ ನೋಟೂ ಉದ್ದವಾಗುತ್ತದೆ. ತೋರುಬೆರಳು, ನಡುಬೆರಳಿನ ನಡುವೆ ನೋಟು ಇಟ್ಟು ಮಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇದಲ್ಲದೆ ರಿಸರ್ವ್ ಬ್ಯಾಂಕು 2020ರಲ್ಲಿ ‘ಮಣಿ’ ಎಂಬ ಆ್ಯಪ್ ಬಿಡುಗಡೆ ಮಾಡಿದೆ. ಮೊಬೈಲಿನ ಕ್ಯಾಮೆರಾವನ್ನು ನೋಟಿಗೆ ಹಿಡಿದರೆ ಇದು ಎಷ್ಟರದು ಎಂದು ಅದು ಹೇಳುತ್ತದೆ. “ನನಗೆ ಅದು ಬೇಡ. ನಲವತ್ತು ವರ್ಷ ನೋಟು ಮುಟ್ಟಿದ ಬೆರಳಿಗೆ ಅವಮಾನ” ಎಂದ ಕ್ಯಾಷಿಯರ್.

ಮೊಮ್ಮಗ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಹತ್ತು ನೋಟಿನಲ್ಲಿ ಆರನ್ನು ಸರಿಯಾಗಿ ಹೇಳಿದ. ಗೆಳೆಯ ಹತ್ತಕ್ಕೆ ಹತ್ತು. ಐವತ್ತರ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆ ಎಂಬುದನ್ನೂ ಹುಡುಗ ಆಗಲೇ ನೋಡಿಕೊಂಡ. “ಈ ನೋಟುಗಳಿಗೂ ಮೈಸೂರಿಗೂ ನಂಟು ಇದೆ, ಗೊತ್ತಾ?” ಎಂದು ಗೆಳೆಯ ಕೇಳಿದ. ರಿಸರ್ವ್ ಬ್ಯಾಂಕಿನ ಅಧೀನದ ನೋಟು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ. ನೋಟಿನ ಕಾಗದ ತಯಾರಿಸುವ ಗಿರಣಿಯೂ ಮೈಸೂರಿನಲ್ಲಿದೆ. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಕೂಡ ಇಲ್ಲಿನದೇ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ಪೂರೈಸುತ್ತಾ ಬಂದಿದೆ.

ಮಲಗುವ ಮುಂಚೆ ಗೆಳೆಯ ರೇಡಿಯೋ ಹಾಕಿದ. ಆಕಾಶವಾಣಿ ಎಂಬ ಹೆಸರಿಗೂ ಈ ಊರೇ ತವರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದರು. ಕಣ್ಣು ಕೈಕೊಟ್ಟ ಮೇಲೆ ಗೆಳೆಯನಿಗೆ ಪತ್ರಿಕೆಯೂ ಅದೇ, ಗಡಿಯಾರವೂ ಅದೇ.

ಕಲ್ಲಿನ ನಂದಿ, ಕಬ್ಬಿಣದ ಎಂಜಿನ್

ಭಾನುವಾರ ಬೆಳಿಗ್ಗೆ ಆಟೋ ಮಾಡಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆವು. ವಯಸ್ಸಿನಲ್ಲಿ ಸಾವಿರ ಮೆಟ್ಟಿಲನ್ನೂ ಹತ್ತಿ, ಇಳಿದು, ಕೆಳಗೆ ದೋಸೆ ತಿಂದು ಕೆಲಸಕ್ಕೆ ಹೋಗುತ್ತಿದ್ದ ಕತೆಯನ್ನು ಗೆಳೆಯ ಹೇಳಿದ. ದೇವಿಯ ದರ್ಶನ ಮುಗಿಸಿ ನಂದಿಯ ಬಳಿ ಇಳಿದೆವು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 1659ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ನಂದಿ. ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 24 ಅಡಿ. ಗೆಳೆಯ ಮೊಮ್ಮಗನನ್ನು ಎದುರಿಗೆ ನಿಲ್ಲಿಸಿ, “ನನಗೆ ಒಂದು ಸಲಕ್ಕೆ ಒಂದು ಗಂಟೆ ಮಾತ್ರ ಕಾಣುತ್ತೆ. ನೀನು ಕೊರಳಲ್ಲಿ ಎಷ್ಟು ಸರ ಇದೆ, ಗೆಜ್ಜೆ ಹೇಗಿದೆ ಅಂತ ಹೇಳು” ಎಂದ. ಹುಡುಗ ಮೊದಲು “ದೊಡ್ಡ ನಂದಿ, ಕಪ್ಪಗಿದೆ” ಎಂದಷ್ಟೇ ಹೇಳಿದ. ಆಮೇಲೆ ಕೇಳಿದ ಒಂದೊಂದು ಪ್ರಶ್ನೆಗೂ ಹತ್ತಿರ ಹೋಗಿ ನೋಡಿ ಬಂದು ಹೇಳತೊಡಗಿದ. ಅರ್ಧ ಗಂಟೆ ಅಲ್ಲೇ ಕಳೆಯಿತು. ಮೊಬೈಲಿನಲ್ಲಿ ಫೋಟೋ ತೆಗೆದು ಎರಡು ನಿಮಿಷದಲ್ಲಿ ಹೊರಟವರು ನಮ್ಮ ಮುಂದೆಯೇ ಹತ್ತಾರು ಜನ.

ವಾಪಸು ಬರುವಾಗ ರೈಲ್ವೆ ನಿಲ್ದಾಣದ ಹತ್ತಿರದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದೆವು. 1979ರಲ್ಲಿ ಆರಂಭವಾದದ್ದು. ಹಳೆಯ ಉಗಿಬಂಡಿಗಳು, 1899ರ ಮಹಾರಾಣಿಯವರ ಐಷಾರಾಮಿ ಬೋಗಿ, ಹಳಿಯ ಮೇಲೆ ಓಡುವ ಆಸ್ಟಿನ್ ಕಾರು ಎಲ್ಲ ಇವೆ. ಗೆಳೆಯನಿಗೆ ಇದು ಇಷ್ಟವಾಗಲು ಕಾರಣ, ಇಲ್ಲಿ ಬಯಲಿನಲ್ಲಿ ನಿಂತ ಎಂಜಿನ್ನುಗಳನ್ನು ಕೈಯಿಂದ ನೋಡಬಹುದು. ಚಕ್ರದ ಅರೆಕಾಲು, ಬಾಯ್ಲರಿನ ಗುಬುಟು, ಹಿಡಿಕೆ ಒಂದೊಂದನ್ನೂ ಸವರುತ್ತಾ ಅವು ಏನು ಕೆಲಸ ಮಾಡುತ್ತಿದ್ದವು ಎಂದು ಹುಡುಗನಿಗೆ ವಿವರಿಸಿದ. ಅವನ ಅಪ್ಪ ರೈಲ್ವೆಯಲ್ಲಿದ್ದವರು.

ಮಧ್ಯಾಹ್ನದ ಜಮಾ-ಖರ್ಚು

ಊಟವಾಗಿ ಮೊಮ್ಮಗ ನಿದ್ದೆ ಹೋದ. ನಾನು ವಿಷಯಕ್ಕೆ ಬಂದೆ. “ನಿನ್ನ ಮಗ ನನಗೆ ಫೋನು ಮಾಡಿದ್ದ” ಎಂದೆ. “ಗೊತ್ತು. ಕಾಗದ ತಗೋ. ಎರಡು ಕಾಲಂ ಎಳಿ” ಎಂದ ಗೆಳೆಯ.

ಒಂದು ಕಡೆ ‘ಪುಣೆ’, ಇನ್ನೊಂದು ಕಡೆ ‘ಮೈಸೂರು’ ಎಂದು ಬರೆದೆ. ಅವನು ಹೇಳುತ್ತಾ ಹೋದ. ಪುಣೆಯಲ್ಲಿ ಮಗ, ಸೊಸೆ, ಮೊಮ್ಮಗಳು ಇದ್ದಾರೆ. ಸುಟ್ಟ ಗಾಯ ಯಾರಾದರೂ ನೋಡುತ್ತಾರೆ. ರಾತ್ರಿ ಎದೆ ನೋವು ಬಂದರೆ ಕೂಗಬಹುದು. ಮೈಸೂರಿನಲ್ಲಿ ಹಾಲಿನ ಬೂತಿಗೆ 214 ಹೆಜ್ಜೆ, ದೇವಸ್ಥಾನಕ್ಕೆ 390. ಎಲ್ಲಿ ಚರಂಡಿಯ ಕಲ್ಲು ಎದ್ದಿದೆ ಎಂದು ಕಾಲಿಗೆ ಗೊತ್ತು. ಹದಿನೈದು ವರ್ಷದಿಂದ ಕಣ್ಣು ನೋಡುತ್ತಿರುವ ಡಾಕ್ಟರು ಇಲ್ಲಿದ್ದಾರೆ. ಕನ್ನಡದಲ್ಲಿ ಮಾತಾಡುವವರು ಬೀದಿಗೆ ಇಪ್ಪತ್ತು ಮಂದಿ. “ಅಲ್ಲಿ ಏಳನೇ ಮಹಡಿ ಕಣಯ್ಯಾ. ಲಿಫ್ಟಿನ ಗುಂಡಿ ಎಲ್ಲ ಒಂದೇ ಥರ ನುಣುಪು. ಎರಡು ತಿಂಗಳು ಇದ್ದು ಬಂದಿದೀನಲ್ಲ. ಅವರಿಬ್ಬರೂ ಬೆಳಿಗ್ಗೆ ಕೆಲಸಕ್ಕೆ, ಮಗು ಶಾಲೆಗೆ. ಸಂಜೆವರೆಗೆ ಸೋಫಾದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಅಷ್ಟೇ ನನ್ನ ಊರು. ಇಲ್ಲಿ ಅರ್ಧ ಕುರುಡ, ಅಲ್ಲಿ ಪೂರ್ತಿ ಕುರುಡ.”

ನಾನು ಸುಮ್ಮನೆ ಬರೆದುಕೊಂಡೆ. ಆಮೇಲೆ ನನ್ನ ಕಡೆಯ ಬಾಕಿಗಳನ್ನು ಓದಿದೆ. ನಿನ್ನೆ ರಾತ್ರಿ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ. ಎರಡು ಬಗೆಯ ಹನಿ ಒಂದೇ ಥರದ ಬಾಟಲಿಯಲ್ಲಿದೆ. ಗ್ಯಾಸ್ ಒಲೆಯಲ್ಲಿ ಉರಿ ಎಷ್ಟಿದೆ ಎಂದು ನಿನಗೆ ಕಾಣುವುದಿಲ್ಲ. ಮಗನಿಗೆ ಗಾಯ ಮುಚ್ಚಿಟ್ಟೆ. “ಅವನು ಅಲ್ಲಿ ಕೂತು ದಿನಾ ಹೆದರ್ತಾನಲ್ಲ, ಅದನ್ನ ಯಾವ ಕಾಲಮ್ಮಿಗೆ ಹಾಕೋಣ?” ಎಂದೆ.

ಗೆಳೆಯ ಬಹಳ ಹೊತ್ತು ಕೋಲನ್ನು ಮಡಿಸಿ ಬಿಚ್ಚಿ ಮಾಡಿದ. ಕೊನೆಗೆ, “ಷರತ್ತು ಬರಿ” ಎಂದ. ಬರೆದೆ. ಗ್ಯಾಸ್ ಒಲೆ ತೆಗೆದು, ಸದ್ದಿನಿಂದ ತಿಳಿಸುವ ಇಂಡಕ್ಷನ್ ಒಲೆ. ಅಡುಗೆಗೆ ಬೆಳಿಗ್ಗೆ ಒಬ್ಬರು. ಒಂದು ಹನಿಯ ಬಾಟಲಿಗೆ ರಬ್ಬರ್ ಬ್ಯಾಂಡು, ಇನ್ನೊಂದಕ್ಕೆ ಇಲ್ಲ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ. ಕತ್ತಲಾದ ಮೇಲೆ ಒಬ್ಬನೇ ಹೊರಗೆ ಹೋಗುವ ಹಾಗಿಲ್ಲ. ರಾತ್ರಿ ಎಂಟಕ್ಕೆ ಮಗನಿಗೆ ಫೋನು, ಏನನ್ನೂ ಮುಚ್ಚಿಡದೆ. ಕೊನೆಯ ಷರತ್ತನ್ನು ಅವನೇ ಹೇಳಿದ: “ಆರು ತಿಂಗಳಿಗೊಮ್ಮೆ ನೋಟದ ಅಗಲ ಅಳೆಯೋ ಪರೀಕ್ಷೆ ಮಾಡ್ತಾರೆ. ಅದರಲ್ಲಿ ಈಗಿನದಕ್ಕಿಂತ ಕಮ್ಮಿ ಬಂದ ದಿನ ಪುಣೆಗೆ ಹೊರಡ್ತೀನಿ. ಮಾತು ಬದಲಾಯಿಸಲ್ಲ.” ಕೆಳಗೆ ರುಜು ಹಾಕಿದ. ನಾನು ಹೆಬ್ಬೆರಳನ್ನು ಗೆರೆಯ ಮೇಲೆ ಇಟ್ಟು ತೋರಿಸಬೇಕಾಯಿತು. ರುಜು ಮಾತ್ರ ಮೊದಲಿನ ಹಾಗೇ ಇತ್ತು.

ಏಳು ಗಂಟೆಯ ಅರಮನೆ

ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ಈಗಿನ ಅರಮನೆಯ ಕತೆಯೂ ಒಂದು ಬೆಂಕಿಯಿಂದಲೇ ಶುರು. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೊಸದನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ರೂಪಿಸಿದ, 1912ರಲ್ಲಿ ಮುಗಿಯಿತು. ಅದಕ್ಕೆ ಆದ ಖರ್ಚು 41,47,913 ರೂಪಾಯಿ ಎಂದು ಹೇಳುತ್ತಾರೆ. “ರೂಪಾಯಿ ಸರಿ, ಆಣೆ ಕಾಸಿನ ಲೆಕ್ಕ ಎಲ್ಲಿ?” ಎಂಬುದು ನಮ್ಮ ಕ್ಯಾಷಿಯರಿನ ಹಳೆಯ ಆಕ್ಷೇಪಣೆ.

ಆರೂವರೆಗೆ ನಾವು ಜನರ ನಡುವೆ ನಿಂತಿದ್ದೆವು. ಬೆಳಕು ಹೋಗುತ್ತಿದ್ದ ಹಾಗೆ ಗೆಳೆಯನ ಬೆರಳು ನನ್ನ ಮೊಣಕೈ ಮೇಲೆ ಬಿಗಿಯಾಯಿತು. ಸುತ್ತ ಮಕ್ಕಳ ಗಲಾಟೆ, ಬಲೂನಿನ ಸದ್ದು, ಕಡಲೆಕಾಯಿಯ ವಾಸನೆ. ಅವನಿಗೆ ಏನೂ ಕಾಣುತ್ತಿರಲಿಲ್ಲ. ಏಳು ಗಂಟೆಗೆ ಒಮ್ಮೆಲೇ ಸುಮಾರು ಒಂದು ಲಕ್ಷ ಬಲ್ಬುಗಳು ಹತ್ತಿದವು. ಜನರೆಲ್ಲ “ಓ” ಎಂದರು. ಗೆಳೆಯ “ಬಂತು” ಎಂದ.

ಆಮೇಲೆ ಅವನು ಮಾಡಿದ್ದನ್ನು ಮೊದಲು ಗಮನಿಸಿದ್ದು ಮೊಮ್ಮಗ. ಎಡತುದಿಯಿಂದ ಬಲತುದಿಗೆ ನಿಧಾನವಾಗಿ ಕತ್ತು ತಿರುಗಿಸುತ್ತಾ, ಮತ್ತೆ ಸ್ವಲ್ಪ ಮೇಲಕ್ಕೆತ್ತಿ ಬಲದಿಂದ ಎಡಕ್ಕೆ, ಪುಸ್ತಕದ ಸಾಲು ಓದುವ ಹಾಗೆ ಅವನು ಅರಮನೆಯನ್ನು ನೋಡುತ್ತಿದ್ದ. ಒಂದು ಕಮಾನು, ಇನ್ನೊಂದು ಕಮಾನು, ಗುಮ್ಮಟ, ಕಳಶ. “ನಿಮಗೆ ಒಂದೇ ನೋಟಕ್ಕೆ ಮುಗಿದುಹೋಯ್ತು. ನಂಗೆ ಪೂರ್ತಿ ನೋಡೋಕೆ ಐದು ನಿಮಿಷ ಬೇಕು” ಎಂದ. ಮೊಮ್ಮಗ ಬಲಗೈಯನ್ನು ಕೊಳವೆ ಮಾಡಿ ಕಣ್ಣಿಗಿಟ್ಟುಕೊಂಡು ಅವನ ಜೊತೆಗೇ ಎಡದಿಂದ ಬಲಕ್ಕೆ ನೋಡತೊಡಗಿದ. ಇಬ್ಬರೂ ಬಲ್ಬುಗಳ ಸಾಲು ಎಣಿಸಿದರು. ದೀಪ ಆರುವವರೆಗೂ ಅಲ್ಲಿಂದ ಕದಲಲಿಲ್ಲ.

ರಾತ್ರಿ ಪುಣೆಗೆ ಫೋನು ಮಾಡಿ ಕಾಗದದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಓದಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೂ ಅವರ ಪಕ್ಷ ಸೇರಿದ್ರಾ ಅಂಕಲ್?” ಎಂದ. “ನಾನು ಯಾರ ಪಕ್ಷವೂ ಅಲ್ಲಪ್ಪ. ಲೆಕ್ಕ ತಪಾಸಣೆಗೆ ಬಂದವನು. ಎರಡೂ ಕಾಲಂ ಓದಿದೀನಿ. ಮೆಟ್ಟಿಲಿನ ವಿಷಯವನ್ನೂ ಹೇಳಿದೀನಿ” ಎಂದೆ. ಆರು ತಿಂಗಳಿಗೆ ಅವನು ಒಪ್ಪಿದ. ಮುಂದಿನ ಪರೀಕ್ಷೆ ಜುಲೈಯಲ್ಲಿ. ಫಲಿತಾಂಶ ಏನು ಬರುತ್ತದೋ ನೋಡಬೇಕು. ಅಪ್ಪ ಮಗ ಇಬ್ಬರಲ್ಲಿ ಯಾರೂ ಸೋಲದೆ ಇರಲಿ ಎಂಬುದಷ್ಟೇ ನನ್ನ ಆಸೆ.

ಹೋಗುವವರಿಗೆ ಒಂದೆರಡು ಮಾತು. ಅರಮನೆಯ ದೀಪ ನೋಡಬೇಕಾದರೆ ಭಾನುವಾರ ಅಥವಾ ಸರ್ಕಾರಿ ರಜಾದಿನ ಇಟ್ಟುಕೊಳ್ಳಿ. ದೇವರಾಜ ಮಾರುಕಟ್ಟೆಗೆ ಕಾರು ಬಿಟ್ಟು ನಡೆದು ಹೋಗಿ. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಕನ್ನಡಕ ಬದಲಿಸುವಾಗ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಗೆಳೆಯನ ಮಗ ಪುಣೆಯಲ್ಲಿ ಮಾಡಿಸಿಕೊಂಡಿದ್ದಾನೆ. ಈಗ ಸದ್ಯ ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದಿದ್ದಾರಂತೆ.

ಸೋಮವಾರ ಮುಂಜಾನೆಯ ರೈಲಿಗೆ ಹೊರಟಾಗ ಗೆಳೆಯ ಮೊಮ್ಮಗನ ಜೇಬಿಗೆ ಒಂದು ನೋಟು ತುರುಕಿದ. “ನೋಡಬೇಡ, ಹೇಳು” ಎಂದ. ಹುಡುಗ ಜೇಬಿನೊಳಗೇ ಅಂಚು ಸವರಿ, “ನಾಲ್ಕು ಗೆರೆ, ನಡುವೆ ಎರಡು ವೃತ್ತ. ಇನ್ನೂರು” ಎಂದ. ಈಗ ನಮ್ಮ ಮನೆಯಲ್ಲಿ ಅವನದು ಇದೇ ಆಟ. ಅವನ ಅಮ್ಮನ ಪರ್ಸಿಗೆ ಮಾತ್ರ ಭದ್ರತೆ ಕಡಿಮೆಯಾಗಿದೆ.